ಮೀನಿಗೆ ಅರಿಸಿನ ಹಚ್ಚುತ್ತಿದ್ದ ಶಂಕ್ರೆಪ್ಪಣ್ಣ

ಶಂಕ್ರೆಪ್ಪಣ್ಣನ ಅಂಗಿಯ ಜೇಬಿನ ಮೇಲೆ ಯಾವಾಗಲೂ ಒಂದು ಹಳದಿ ಕಲೆ ಇರುತ್ತಿತ್ತು. ಇಬ್ರಾಹಿಂಪುರದ ಅವರ ಔಷಧಿ ಅಂಗಡಿಗೆ ಬಂದವರು ಅದನ್ನು ಯಾವುದೋ ಮುಲಾಮಿನ ಕಲೆ ಎಂದುಕೊಳ್ಳುತ್ತಿದ್ದರು. ಅದು ಅರಿಸಿನದ್ದು. ಪ್ರತಿ ರವಿವಾರ ಭೂತನಾಳ ಕೆರೆಯ ದಂಡೆಯಲ್ಲಿ ಕೂತು ಅವರು ಗಾಳ ಹಾಕುತ್ತಿದ್ದರು. ಸಿಕ್ಕ ಮೀನನ್ನು ಒಣ ಟಾವೆಲ್ಲಿನಲ್ಲಿ ಕೂಸನ್ನು ಸುತ್ತಿದ ಹಾಗೆ ಸುತ್ತಿ, ಬಾಯಿಂದ ಕೊಕ್ಕೆ ಬಿಡಿಸಿ, ಹರಿದ ತುಟಿಗೆ ಜೇಬಿನ ಪೊಟ್ಟಣದಿಂದ ಒಂದು ಚಿಟಿಕೆ ಅರಿಸಿನ ಒತ್ತಿ, ಮತ್ತೆ ನೀರಿಗೆ ಬಿಡುತ್ತಿದ್ದರು. ಬಿಡುವಾಗ ಒಂದು ಮಾತು ತಪ್ಪುತ್ತಿರಲಿಲ್ಲ. “ಹೋಗ್ ಬಾ ತಂಗೀ. ಸಿಟ್ಟ ಮಾಡ್ಕೋಬ್ಯಾಡ.”

ಅವರದು ಮೀನು ಹಾಗಿರಲಿ, ಮೊಟ್ಟೆ ಬೇಯಿಸಿದ ಪಾತ್ರೆಯನ್ನೂ ಹೊಸ್ತಿಲ ಒಳಗೆ ಬಿಡದ ಮನೆ. ಅಂಥ ಮನೆಯ ಮನುಷ್ಯನಿಗೆ ಗಾಳದ ಹುಚ್ಚು ಹತ್ತಿದ್ದು ತಿಕೋಟಾದ ತೋಟದ ಬಾವಿಯಲ್ಲಿ, ಸಣ್ಣವರಿದ್ದಾಗ. ಆಮೇಲೆ ಮದುವೆಯಾಯಿತು, ಅಂಗಡಿಯಾಯಿತು, ಮಗಳ ಮದುವೆಯೂ ಆಯಿತು, ಹುಚ್ಚು ಮಾತ್ರ ಬಿಡಲಿಲ್ಲ. “ದಾರ ಜಗ್ಗಿದ ಕೂಡ್ಲೇ ಇಲ್ಲಿ ಎದಿ ಜಗ್ಗಿದಂಗ ಆಗ್ತೈತಿ ನೋಡ ಮಲ್ಲೂ” ಎನ್ನುತ್ತಿದ್ದರು ನನಗೆ. “ಹಿಡಿಯೂದು ನನ್ನ ಖುಷಿಗೆ, ಬಿಡೂದು ಪುಣ್ಯಕ್ಕ. ಯಾರಿಗೂ ಲುಕ್ಸಾನ ಇಲ್ಲ.” ಎರಡೂ ಕೈಯಲ್ಲಿ ಲಾಡು ಹಿಡಿದ ಈ ಲೆಕ್ಕ ನನಗೂ ಬಹಳ ಹಿಡಿಸಿತ್ತು. ನಾನು ತಾಲೂಕು ಕಚೇರಿಯಲ್ಲಿ ನೌಕರ. ವಾರವಿಡೀ ಜನರ ಬೈಗುಳ ತಿಂದು, ರವಿವಾರ ಅವರನ್ನು ಬೈಕಿನ ಹಿಂದೆ ಕೂಡಿಸಿಕೊಂಡು ಭೂತನಾಳಕ್ಕೆ ಹೋಗುತ್ತಿದ್ದೆ. ನನ್ನ ಜೇಬಿನಲ್ಲೂ ಒಂದು ಅರಿಸಿನದ ಪೊಟ್ಟಣ ಇರುತ್ತಿತ್ತು.

ಮನುಷ್ಯ ಮಾತಿನಮಲ್ಲ. ಅಂಗಡಿಯಲ್ಲಿ ಔಷಧಿಗಿಂತ ಬುದ್ಧಿಮಾತನ್ನೇ ಹೆಚ್ಚು ಕೊಡುತ್ತಿದ್ದರು. ಕೆಮ್ಮಿನ ಔಷಧಿ ಕೇಳಿದವನಿಗೆ “ಮೊದಲ ಆ ಬೀಡಿ ಒಗದು ಬಾ” ಎಂದು ಗದರಿಸಿ, ಅವನು ಸಿಟ್ಟಿಗೆದ್ದು ಹೊರಟರೆ ಹಿಂದಿನಿಂದ ಕರೆದು ಬಾಟಲಿ ಕೈಗಿಡುತ್ತಿದ್ದರು. ಇಂಥವರಿಗೆ ಒಮ್ಮೆ ದಯಾವಂತ ಎಂಬ ಹೆಸರು ಬಂದರೆ ಅದನ್ನು ಉಳಿಸಿಕೊಳ್ಳುವ ಚಟವೂ ಹತ್ತುತ್ತದೆ. ಅವರ ಹೆಂಡತಿ ಕಸ್ತೂರಿ ವೈನಿಯಂತೂ ಬಂದವರಿಗೆಲ್ಲ ಚಹಾದ ಜೊತೆ ಇದನ್ನೂ ಕೊಡುತ್ತಿದ್ದರು. “ನಮ್ಮ ಇವರು ಮೀನಿಗೂ ಮಲಮ ಹಚ್ಚತಾರ್ರಿ.”

ಒಂದು ರವಿವಾರ ಕೆರೆಯ ಆಚೆ ದಂಡೆಯಲ್ಲಿ ಕಲ್ಲು ಒಡೆಯುವ ಕೆಲಸದ ಒಬ್ಬ ಮನುಷ್ಯ ಸಣ್ಣ ಬಲೆಯಲ್ಲಿ ರಾತ್ರಿಯ ಊಟಕ್ಕೆ ಒಂದೆರಡು ಮೀನು ಹಿಡಿದಿದ್ದ. ಶಂಕ್ರೆಪ್ಪಣ್ಣ ಅವನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಶುರು ಹಚ್ಚಿದರು. ಜೀವ ಅಂದರೇನು, ಹೊಟ್ಟೆಪಾಡು ಅಂದರೇನು, ಮೀನಿಗೂ ಮಕ್ಕಳು ಮರಿ ಇರುವುದಿಲ್ಲವೇ. ಆ ಮನುಷ್ಯ ಮೊದಲು ನಕ್ಕ, ಕೊನೆಗೆ ಬಲೆಯಲ್ಲಿದ್ದ ಮೀನನ್ನು ನೀರಿಗೆ ಝಾಡಿಸಿ ಎದ್ದ. ಇವರು ನಮ್ಮ ಬುತ್ತಿಯಿಂದ ಎರಡು ರೊಟ್ಟಿ, ಶೇಂಗಾ ಚಟ್ನಿ ಅವನ ಕೈಗಿಟ್ಟರು. ಅವನು ಇಸಿದುಕೊಂಡು ತಿರುಗಿ ನೋಡದೆ ಹೋದ. “ನೋಡಿದೇನ ಮಲ್ಲೂ, ಒಂದು ಮಾತಿಗೆ ಮನಸ್ಸು ಕರಗಿತು” ಎಂದರು. ನಾನು ಹೌದೆಂದೆ. ಗುರುಗಳು ಎಂಥವರು ಎಂದು ಉಬ್ಬಿಹೋಗಿದ್ದೆ.

ಹೀಗಿರುವಾಗ ಸಮುದ್ರದ ಸುದ್ದಿ ತಂದವನು ಪ್ರಭು. ತಿಕೋಟಾದಲ್ಲಿ ಒಣದ್ರಾಕ್ಷಿ ವ್ಯಾಪಾರ ಮಾಡುವ, ಬಾಯಿ ಮುಚ್ಚಿ ಗೊತ್ತಿಲ್ಲದ ನಮ್ಮ ಗೆಳೆಯ. “ಕಾಕಾ, ಆ ರಾಡಿ ಕೆರಿ ಎಷ್ಟು ದಿನಾ ಕಲಕತೀರಿ. ನಡೀರಿ, ಕಾರವಾರಕ್ಕ ಹೋಗೂಣು. ಅಲ್ಲಿ ನಮ್ಮ ಗಿರಾಕಿ ಒಬ್ಬಾಂವ ಅದಾನ, ದೋಣಿ ಮಾಡಿ ಕೊಡ್ತಾನ” ಎಂದ. ಶಂಕ್ರೆಪ್ಪಣ್ಣ ಅಲ್ಲಿಯವರೆಗೆ ಸಮುದ್ರ ಕಂಡವರಲ್ಲ. ಹೊರಡುವ ದಿನ ವೈನಿ ಕಟ್ಟಿದ ಗಂಟಿನಲ್ಲಿ ಕಡಕ್ ರೊಟ್ಟಿ, ಶೇಂಗಾ ಹೋಳಿಗೆಯ ಜೊತೆಗೆ ಡಬ್ಬಿ ತುಂಬ ಅರಿಸಿನವೂ ಇತ್ತು. ಸಮುದ್ರದ ಮೀನು ದೊಡ್ಡವಿರುತ್ತವೆ, ಪೊಟ್ಟಣ ಸಾಲುವುದಿಲ್ಲ ಎಂಬ ಅಂದಾಜು.

ಕಾರವಾರದಿಂದ ದೋಣಿಯಲ್ಲಿ ಬಹಳ ಹೊತ್ತು ಹೋದ ಮೇಲೆ ಒಂದು ದ್ವೀಪ ಬಂತು. ಮರಳು, ಒಂದಿಷ್ಟು ಕೇದಗೆಯ ಪೊದೆ, ಅಷ್ಟೇ. ದಾರಿಯಲ್ಲಿ ಮೂವರೂ ವಾಂತಿ ಮಾಡಿಕೊಂಡಿದ್ದೆವು. ಇಳಿದ ಕೂಡಲೇ ಶಂಕ್ರೆಪ್ಪಣ್ಣ ಸಮುದ್ರಕ್ಕೆ ಕೈಮುಗಿದು, ಒಂದು ಹನಿ ನಾಲಿಗೆಗೆ ಹಚ್ಚಿಕೊಂಡು “ಕರೇನ ಉಪ್ಪು ಐತಿ” ಎಂದು ಖಾತ್ರಿ ಮಾಡಿಕೊಂಡರು. ಆಮೇಲೆ ಧೋತರ ಎತ್ತಿ ಕಟ್ಟಿ ಮೊಣಕಾಲುದ್ದ ನೀರಿಗೆ ಇಳಿದರು. ಅವರ ಪಕ್ಕದಲ್ಲಿ ನಾನು. ಪ್ರಭು ಪೊದೆಯ ನೆರಳಿನಲ್ಲಿ ಟೋಪಿ ಮುಖಕ್ಕೆ ಮುಚ್ಚಿಕೊಂಡು ಮಲಗಿದ.

ಅಂಥ ಮೀನು ನಾವು ಕನಸಿನಲ್ಲೂ ಕಂಡಿರಲಿಲ್ಲ. ಭೂತನಾಳದಲ್ಲಿ ಕೂತು ಕೂತು ಸೊಂಟ ಹಿಡಿದ ಮೇಲೆ ಒಂದು ಕಚ್ಚಿದರೆ ಕಚ್ಚಿತು. ಇಲ್ಲಿ ಗಾಳ ಬಿಟ್ಟದ್ದೇ ತಡ. ಬೆಳ್ಳಿಯ ಹಾಗೆ ಹೊಳೆಯುವ ಮೀನು. ಟಾವೆಲ್ಲು, ಕೊಕ್ಕೆ, ಅರಿಸಿನ, “ಹೋಗ್ ಬಾ ತಂಗೀ.” ಶಂಕ್ರೆಪ್ಪಣ್ಣನ ಕಣ್ಣು ಮುಂದಿನ ನೀರಿನ ಮೇಲೆ. ಬಿಟ್ಟ ಮೀನು ಎತ್ತ ಹೋಯಿತು ಎಂದು ನೋಡುವ ರೂಢಿ ನಮಗಿರಲಿಲ್ಲ. ಭೂತನಾಳದಲ್ಲಿ ನೋಡಿದರೂ ಕಾಣುತ್ತಿರಲಿಲ್ಲ. ಅವರ ಮುಖದಲ್ಲಿ ಅಷ್ಟು ಖುಷಿಯನ್ನು ನಾನು ಮಗಳ ಮದುವೆಯಲ್ಲೂ ಕಂಡಿರಲಿಲ್ಲ.

ಹೊತ್ತು ನೆತ್ತಿಗೆ ಬರುವಾಗ ದೋಣಿಯವನು ದಂಡೆಗುಂಟ ಬುಟ್ಟಿ ಹಿಡಿದುಕೊಂಡು ಬಂದ. ಅವನ ಮುಖದಲ್ಲೂ ನಗು. “ಸಾರ್, ನೀವು ಬಿಟ್ಟದ್ದೆಲ್ಲ ಆ ಬದಿಗೆ ಬಂದು ಬಿದ್ದಿದೆ. ಹಾಳಾಗ್ತದಲ್ಲ ಅಂತ ಹೆಕ್ಕಿದೆ” ಎಂದು ಬುಟ್ಟಿ ತೋರಿಸಿದ.

ಶಂಕ್ರೆಪ್ಪಣ್ಣ ಬಗ್ಗಿ ನೋಡಿದರು. “ಇವು ನಮ್ಮವಲ್ಲ ಬಿಡ್ರಿ” ಎನ್ನಲು ಬಾಯಿ ತೆರೆದದ್ದು ನನಗೆ ಕಂಡಿತು. ಆದರೆ ಬುಟ್ಟಿಯಲ್ಲಿದ್ದ ಪ್ರತಿ ಮೀನಿನ ತುಟಿಯೂ ಹಳದಿಯಾಗಿತ್ತು. ಕೆಲವು ಇನ್ನೂ ಕಿವಿರು ತೆರೆದು ಮುಚ್ಚುತ್ತಿದ್ದವು.

ಅವರು ನೀರಿಗೆ ಇಳಿದು ಮತ್ತೊಂದು ಹಿಡಿದರು. ಈ ಸಲ ಅದನ್ನು ಎರಡೂ ಕೈಯಲ್ಲಿ ಹಿಡಿದು ನೀರಿನೊಳಗೇ ಮೆಲ್ಲಗೆ ಬಿಟ್ಟು, ನಿಂತು ನೋಡಿದರು. ನಾನು ನೋಡಿದೆ. ಎದ್ದು ಬಂದ ಪ್ರಭುವೂ ನೋಡಿದ. ನೀರು ಕನ್ನಡಿಯಂತಿತ್ತು, ತಳದ ಮರಳು ಕಾಣುತ್ತಿತ್ತು. ಮೀನು ಒಂದು ಮಾರು ಈಜಿತು. ಆಮೇಲೆ ವಾಲಿತು. ಬಿಳಿ ಹೊಟ್ಟೆ ಮೇಲಾಯಿತು. ತಿರುಗಿಕೊಳ್ಳಲು ಗುದ್ದಾಡಿತು, ಆಗಲಿಲ್ಲ. ತೆರೆ ಅದನ್ನು ತಳ್ಳಿಕೊಂಡು ಬಂದು ಶಂಕ್ರೆಪ್ಪಣ್ಣನ ಕಾಲಿಗೆ ಮುಟ್ಟಿಸಿತು. ಅವರು ಅದನ್ನು ಎತ್ತಿ ಮತ್ತೆ ಮುಂದಕ್ಕೆ ಬಿಟ್ಟರು. ಮತ್ತೆ ಬಂತು.

“ತಂಗಿಗೆ ಅಣ್ಣನ ಬಿಟ್ಟು ಹೋಗಾಕ ಮನಸಿಲ್ಲ” ಎಂದು ಪ್ರಭು ನಗೆಯಾಡಿದ. ಯಾರೂ ನಗಲಿಲ್ಲ. ಅವನಿಗೂ ನಾಚಿಕೆಯಾಗಿರಬೇಕು, ಸ್ವಲ್ಪ ಹೊತ್ತು ಬಿಟ್ಟು ಸಮಾಧಾನದ ಮಾತು ತೆಗೆದ. “ಸಮುದ್ರದ ಮೀನು ನಾಜೂಕ ಇರ್ತಾವ ಕಾಕಾ. ನಮ್ಮ ಕೆರಿ ಮೀನು ಗಟ್ಟಿ. ಅವಕ್ಕ ಏನೂ ಆಗಿರಂಗಿಲ್ಲ.”

ಶಂಕ್ರೆಪ್ಪಣ್ಣ ಅವನನ್ನು ಆಸೆಯಿಂದ ನೋಡಿದರು. ನಂಬಿಬಿಡುತ್ತಾರೆ ಅನಿಸಿತು. ನಂಬಿದರೆ ಸಾಕು ಎಂದು ನನಗೂ ಇತ್ತು. ಆದರೆ ಅವರು ಮರಳಿನ ಮೇಲೆ ಕೂತು ತಲೆ ಅಲ್ಲಾಡಿಸಿದರು. “ನಮ್ಮ ಕೆರಿ ನೀರು ರಾಡಿ ಐತ್ಯಲೋ ಪ್ರಭು. ನನಗೇನ ಕಂಡೈತಿ?”

ನಾನು ತಲೆ ತಗ್ಗಿಸಿದೆ. ನನ್ನ ಬೆರಳುಗಳೂ ಹಳದಿಯಾಗಿದ್ದವು. ಮರಳಿನಿಂದ ತಿಕ್ಕಿದೆ, ಹೋಗಲಿಲ್ಲ. ಎಷ್ಟು ರವಿವಾರ ಗರ್ವದಿಂದ ಮನೆಗೆ ಬಂದಿದ್ದೆ, ಹೆಂಡತಿಯ ಮುಂದೆ ಏನೆಲ್ಲ ಕೊಚ್ಚಿಕೊಂಡಿದ್ದೆ ಎನ್ನುವುದೆಲ್ಲ ಒಂದೊಂದಾಗಿ ನೆನಪಿಗೆ ಬಂದು ನೆಲ ಬಾಯಿ ಬಿಡಬಾರದೇ ಅನಿಸಿತು. ಶಂಕ್ರೆಪ್ಪಣ್ಣ ದೋಣಿಯವನಿಗೆ ಹೇಳಿದ್ದು ಒಂದೇ ಮಾತು. “ಇವು ಒಂದೂ ಕೆಡಬಾರದ್ರಿ. ಮನಿಗೆ ಒಯ್ದು ಎಲ್ಲಾರೂ ಉಣ್ರಿ.” ದಾರಿಯುದ್ದಕ್ಕೂ ಅವರು ಬುಟ್ಟಿಗೆ ಬೆನ್ನು ಮಾಡಿ ಕೂತಿದ್ದರು.

ಊರಿಗೆ ಬಂದ ಮೇಲೆ ರವಿವಾರ ನಿಂತುಹೋಯಿತು. ಅಂಗಡಿಯಲ್ಲಿ ಬುದ್ಧಿಮಾತು ನಿಂತಿತು. ಬೀಡಿ ಸೇದುವವನಿಗೆ ಸುಮ್ಮನೆ ಬಾಟಲಿ ಕೊಟ್ಟು ಕಳಿಸುತ್ತಿದ್ದರು. ಅವನೇ “ಯಾಕ್ರಿ ಕಾಕಾ, ಮೈಯಾಗ ಆರಾಮಿಲ್ಲೇನು” ಎಂದು ಕೇಳಿ ಹೋದನಂತೆ. ವೈನಿಗೆ ಎಲ್ಲವನ್ನೂ ಹೇಳಿದ್ದರು. “ನೀವೇನ ಬೇಕಂತ ಮಾಡೀರೇನು? ತಿಳೀದ ಆಗೈತಿ, ಬಿಡ್ರಿ” ಎಂದು ಆಕೆ ಅಲ್ಲಿಗೇ ಮುಗಿಸಿದರು.

ಒಂದು ದಿನ ನನ್ನನ್ನು ಕರೆದುಕೊಂಡು ಭೂತನಾಳಕ್ಕೆ ಹೋದರು, ಗಾಳವಿಲ್ಲದೆ. ಆ ಕಲ್ಲು ಒಡೆಯುವ ಮನುಷ್ಯನನ್ನು ಹುಡುಕಿಸಿದರು. ಸಿಕ್ಕ. ಶಂಕ್ರೆಪ್ಪಣ್ಣ ಅವನ ಎದುರು ಕೈಜೋಡಿಸಿ, “ಅವತ್ತ ಮೀನ ಬಿಡಿಸಿ ನಿನ್ನ ಬಾಯಾನ ತುತ್ತು ಕಸಗೊಂಡೆನಪಾ, ತಪ್ಪಾತು” ಎಂದರು. ಅವನು ಗಾಬರಿಯಾಗಿ ಸುತ್ತಿಗೆ ಕೆಳಗಿಟ್ಟ. “ಯಾವ ಮೀನರೀ? ನನಗ ನೆಪ್ಪ ಇಲ್ರಿ. ದೊಡ್ಡವರು ಹಿಂಗೆಲ್ಲಾ ಕೈ ಮುಗೀಬಾರದ್ರಿ” ಎಂದು ಅವನೇ ಇವರ ಕಾಲು ಮುಟ್ಟಲು ಬಗ್ಗಿದ. 

ಇದರ ನಡುವೆ ಬಬಲೇಶ್ವರದಿಂದ ಸತ್ಕಾರದ ಕರೆ ಬಂತು. ಅದು ವೈನಿಯ ತವರೂರು. ಅಲ್ಲಿಯ ತರುಣ ಸಂಘದವರು ಜೀವದಯೆಯ ಕೆಲಸ ಮಾಡಿದವರಿಗೆ ಶಾಲು ಹೊದಿಸುತ್ತಾರೆ, ವೈನಿಯ ತಮ್ಮ ಅದರ ಮುಂದಾಳು. ಶಂಕ್ರೆಪ್ಪಣ್ಣ ಒಲ್ಲೆ ಎಂದರು. ಕರಪತ್ರದಲ್ಲಿ ಹೆಸರು ಅಚ್ಚಾಗಿದೆ ಎಂದು ವೈನಿ ಅತ್ತರು. ಕೊನೆಗೆ, “ನಡಿ ಮಲ್ಲೂ, ಅಲ್ಲೇ ಎಲ್ಲಾರ ಮುಂದ ಹೇಳಿಬಿಡ್ತೇನಿ” ಎಂದು ಹೊರಟರು.

ಹೇಳಿದರು ಕೂಡ. ಮೈಕು ಕೈಗೆ ತೆಗೆದುಕೊಂಡರು. “ನಾ ದಯಾವಂತ ಅಲ್ರಿ. ನಾ ಹಿಡದು ಬಿಟ್ಟ ಮೀನು ಸತ್ತಾವು. ಹೊಟ್ಟಿಗಂತ ಕೊಂದಿದ್ರ ಬ್ಯಾರೆ ಮಾತು. ನಾ ಆಟಕ್ಕ ಕೊಂದೇನಿ. ಮ್ಯಾಲೆ ಮಂದಿಗೆ ಬುದ್ಧಿ ಹೇಳೇನಿ.” ನಿರೂಪಣೆ ಮಾಡುತ್ತಿದ್ದವನು ಜಾಣ, ಚಟ್ಟನೆ ಮೈಕು ಇಸಿದುಕೊಂಡ. “ನೋಡಿ, ಇಷ್ಟು ಮಾಡಿಯೂ ತಾವು ಏನೂ ಮಾಡಿಲ್ಲ ಎನ್ನುವ ಈ ವಿನಯವೇ ದೊಡ್ಡವರ ಲಕ್ಷಣ” ಎಂದ. ಚಪ್ಪಾಳೆ ಬಿದ್ದಿತು. ಶಾಲು ಹೊದಿಸಿದರು. ಶಾಲಿನೊಳಗೆ ಶಂಕ್ರೆಪ್ಪಣ್ಣ ಪೆಟ್ಟು ತಿಂದವರ ಹಾಗೆ ನಿಂತಿದ್ದರು. ಊಟಕ್ಕೆ ಕೂಡಿಸಿದರೆ ಎಲೆಯನ್ನು ಮುಟ್ಟಲಿಲ್ಲ.

ವೈನಿ ತವರಿನಲ್ಲಿ ಉಳಿದರು. ನಾವಿಬ್ಬರೇ ಬಸ್ ನಿಲ್ದಾಣದಲ್ಲಿ ಕೂತೆವು. “ಯಾರೂ ಬೈಯಾಕ ತಯಾರಿಲ್ಲ ನೋಡ ಮಲ್ಲೂ” ಎಂದರು. “ನೀ ಅಲ್ಲಿದ್ದಿ. ನೀನರ ಹೇಳು.”

ಬೇಕಂತ ಮಾಡೀರೇನು ಎಂಬ ಮಾತು ನನ್ನ ನಾಲಿಗೆಯ ತುದಿಗೇ ಬಂದಿತ್ತು. ಅದು ಬರುತ್ತದೆಂದು ಅವರಿಗೂ ಗೊತ್ತಿತ್ತು, ಮುಖ ಆಗಲೇ ಬಾಡಿತ್ತು. ನಾನು ಅದನ್ನು ನುಂಗಿಕೊಂಡೆ. ಅವರಿಗಿಂತ ಸಣ್ಣವನು, ಅವರಿಂದಲೇ ಗಾಳ ಹಿಡಿಯಲು ಕಲಿತವನು. ಹೇಗೆ ಧೈರ್ಯ ಬಂತೋ ತಿಳಿಯದು. “ತಪ್ಪು ಮಾಡೀವ್ರಿ ಅಣ್ಣಾ” ಎಂದೆ. “ಕೊಂದೀವಿ. ಕೊಂದು, ಪುಣ್ಯವಂತರಂಗ ಮೆರದೀವಿ. ನೀವೂ, ನಿಮ್ಮ ಜೋಡಿ ನಾನೂ.”

ಅವರು ನನ್ನ ಕಡೆ ತಿರುಗಿದರು. “ಹೌದು” ಎಂದರು. “ಹೌದಪಾ.” ಆಮೇಲೆ ಶಾಲು ಮಡಿಚಿ ಚೀಲಕ್ಕೆ ಹಾಕಿ, “ಹಸಿವ್ಯಾಗೈತಿ, ನಡಿ” ಎಂದು ಎದ್ದರು. ಎದುರಿನ ಖಾನಾವಳಿಯಲ್ಲಿ ರೊಟ್ಟಿ, ಎಣ್ಣೆಗಾಯಿ ಉಂಡರು. ಮತ್ತೊಂದು ರೊಟ್ಟಿ ಕೇಳಿ ಹಾಕಿಸಿಕೊಂಡರು. ಅವರ ಜೊತೆ ಕೂತು ನಾನು ಉಂಡದ್ದು ಅದೇ ಕೊನೆ. ಆ ಬೇಸಿಗೆಯಲ್ಲಿ ಅವರು ಒಂದು ಮಧ್ಯಾಹ್ನ ಅಂಗಡಿಯಲ್ಲಿ ಕೂತಲ್ಲೇ ಹೋಗಿಬಿಟ್ಟರು.

ವೈನಿಯನ್ನು ಮಾತಾಡಿಸಲು ಬಂದವರಿಂದ ಮನೆ ತುಂಬಿತ್ತು. ಬಬಲೇಶ್ವರದಿಂದ ಬಂದ ಹಿರಿಯರೊಬ್ಬರು ಕಣ್ಣೊರೆಸಿಕೊಳ್ಳುತ್ತ ಮೀನಿನ ಕಥೆ ತೆಗೆದರು. ಎಂಥಾ ದಯಾವಂತರು ಎಂದು ಉಳಿದವರೂ ದನಿಗೂಡಿಸಿದರು.

“ಆ ಮಾತು ಬ್ಯಾಡ್ರಿ” ಎಂದೆ ನಾನು. “ಕೇಳಿದ್ರ ಅವರಿಗೆ ನಾಚಿಕಿ ಆಗ್ತಿತ್ತು.”

“ಅಷ್ಟು ವಿನಯ ಇತ್ತು ನೋಡ್ರಿ ಅವರಿಗೆ” ಎಂದರು ಹಿರಿಯರು.

ನಾನು ವೈನಿಯ ಕಡೆ ನೋಡಿದೆ. ಆಕೆ ಸೆರಗಿನಿಂದ ಮುಖ ಒರೆಸಿಕೊಂಡು, “ಹಂಗಲ್ಲ, ಕಾಕಾ. ಅದೇನಂತ ಮಲ್ಲಪ್ಪ ಹೇಳ್ತಾನ, ಕೇಳ್ರಿ” ಎಂದರು. ನಾನು ಹಿರಿಯರ ಮುಂದೆ ನೆಲದ ಮೇಲೆ ಕೂತು, ಕಾರವಾರದಿಂದ ಶುರು ಮಾಡಿ ಎಲ್ಲವನ್ನೂ ಹೇಳಿದೆ.