ನಮ್ಮ ಬಂದರು ಬಿಟ್ಟು ಹೋದ ಹಡಗು

ನಮ್ಮತ್ತಿಗೆಯ ಎದುರು ಪಕ್ಕದ ದೇಶದ ಬಂದರನ್ನು ಯಾರೂ ಹೊಗಳುವಂತಿರಲಿಲ್ಲ. ಹೊಗಳಿದರೆ ಮುಗಿಯಿತು, ಮೂಗಿನ ತುದಿಯಲ್ಲೇ ಕೋಪ. ಹಡಗು ಏಜೆಂಟರ ಆಫೀಸಿನಲ್ಲಿ ದುಡಿದು ಕೂದಲು ನರೆಸಿಕೊಂಡವರು ಅವರು. ಯಾರ ಕಂಟೇನರ್ ಎಲ್ಲಿದೆ, ಯಾಕೆ ತಡವಾಯಿತು ಎಂದು ಗಿರಾಕಿಗಳಿಗೆ ಫೋನಿನಲ್ಲಿ ಹೇಳುವುದೇ ಕೆಲಸ. ತಡ ಮಾಡುವುದು ಹಡಗು, ಬೈಸಿಕೊಳ್ಳುವುದು ಅತ್ತಿಗೆ.

ಗಡಿಯಾಚೆಯ ಬಂದರು ದೊಡ್ಡದು. ಲೋಕದ ಮೂಲೆಮೂಲೆಯ ಹಡಗುಗಳು ದಿನವೂ ಅಲ್ಲಿಗೆ ಬಂದುಹೋಗುತ್ತವೆ. ಒಂದು ತಪ್ಪಿದರೆ ಮರುದಿನ ಇನ್ನೊಂದು. ನಮ್ಮಲ್ಲಿಗೆ ಅಪರೂಪಕ್ಕೊಂದು ದೊಡ್ಡ ಹಡಗು, ಅದೂ ಅದಕ್ಕೆ ಮನಸ್ಸು ಬಂದರೆ. ಮಿಕ್ಕ ಸರಕೆಲ್ಲ ಆ ಬಂದರಿನಲ್ಲಿಳಿದು, ಸಣ್ಣ ಹಡಗಿಗೆ ಕಾದು, ಕುಂಟುತ್ತಾ ಬರಬೇಕು. ಇದು ಅತ್ತಿಗೆಗೆ ಗೊತ್ತಿಲ್ಲದ್ದೇನಲ್ಲ. ಗೊತ್ತಿದ್ದದ್ದಕ್ಕೇ ಅಷ್ಟು ಕೋಪ.

ಅಣ್ಣನ ಎರಡೂ ಕಿಡ್ನಿ ಕೈಕೊಟ್ಟ ಮೇಲೆ ಹಡಗಿನ ಚಿಂತೆ ಮನೆಯೊಳಕ್ಕೇ ಬಂತು. ರಕ್ತ ಶುದ್ಧಿ ಮಾಡುವ ಯಂತ್ರ ಅವನ ಹೃದಯಕ್ಕೆ ಒಗ್ಗದು ಎಂದರು ಡಾಕ್ಟರು. ಉಳಿದ ದಾರಿ ಮನೆಯಲ್ಲೇ ಮಾಡುವ ಡಯಾಲಿಸಿಸ್. ಹೊಟ್ಟೆಗೆ ಕೂರಿಸಿದ ಕೊಳವೆಯಿಂದ ಒಂದು ಚೀಲ ದ್ರಾವಣ ಒಳಗೆ ಬಿಡುವುದು, ಕೆಲವು ತಾಸಿನ ಮೇಲೆ ಅದನ್ನು ಹೊರಗೆ ತೆಗೆಯುವುದು, ಮತ್ತೆ ಹೊಸ ಚೀಲ. ಒಂದು ದಿನವೂ ತಪ್ಪುವಂತಿಲ್ಲ. ಆ ದ್ರಾವಣ ನಮ್ಮಲ್ಲಿ ತಯಾರಾಗುವುದಿಲ್ಲ. ಸಮುದ್ರ ದಾಟಿ ಕಂಟೇನರಿನಲ್ಲಿ ಬರಬೇಕು. ಮಲಗುವ ಕೋಣೆಯಲ್ಲಿ ಮಂಚಕ್ಕಿಂತ ಹೆಚ್ಚು ಜಾಗ ರಟ್ಟಿನ ಪೆಟ್ಟಿಗೆಗಳಿಗೇ ಹೋಯಿತು. ಕಿಟಕಿ ಮುಚ್ಚಿ, ಫ್ಯಾನ್ ಆರಿಸಿ, ಮೊಣಕೈವರೆಗೆ ಸೋಪು ಹಚ್ಚಿ ತೊಳೆದುಕೊಂಡು ಅತ್ತಿಗೆ ಚೀಲ ಬದಲಿಸುವಾಗ ನಾನು ಉಸಿರು ಬಿಗಿಹಿಡಿದು ಬಾಗಿಲಲ್ಲಿ ನಿಲ್ಲುತ್ತಿದ್ದೆ.

"ಪರೀಕ್ಷೆ ಬರೆಯೋನ ಥರ ಮುಖ ಮಾಡ್ಬೇಡ ಕಣೋ," ಎಂದು ಅಣ್ಣ ಛೇಡಿಸುತ್ತಿದ್ದ. "ಹೊಟ್ಟೆ ನಂದು."

ಆಸ್ಪತ್ರೆಯ ಉಗ್ರಾಣದವರು ಒಮ್ಮೆ ಅತ್ತಿಗೆಯನ್ನೇ ಕೇಳಿದರು: "ಮುಂದಿನ ಸರಕು ಪಕ್ಕದ ದೇಶದಲ್ಲಿ ಇಳಿಸ್ಕೊಂಡು ಲಾರೀಲಿ ತರಿಸೋಣ್ವಾ ಮೇಡಂ, ಇಲ್ಲ ನಮ್ಮ ಬಂದರಿಗೇನಾ?"

"ನೇರ ಹಡಗಿರೋವಾಗ ಲಾರಿ ಯಾಕ್ರೀ? ನಡುವೆ ಎತ್ತಿಳಿಸೋ ಗೋಳಿಲ್ಲ, ಗಡೀಲಿ ಕಾಯೋ ಹಾಗಿಲ್ಲ. ಕಣ್ಮುಚ್ಕೊಂಡು ಇಲ್ಲಿಗೇ ತರ್ಸಿ," ಎಂದರು ಅತ್ತಿಗೆ.

ಹಡಗಿನ ಕೆಲಸ ತಿಳಿಯದವರಾಗಿದ್ದರೆ ಲಾರಿ ಎಂದುಬಿಡುತ್ತಿದ್ದರು. 'ನೇರ ಹಡಗು' ಎಂಬ ಮಾತಿಗೆ ಆ ಆಫೀಸಿನವರು ಕೊಡುವ ಮರ್ಯಾದೆ ದೇವರಿಗೂ ಕೊಡಲಾರರು.

ಆ ಹಡಗು ಬಿರುಗಾಳಿಗೆ ಸಿಕ್ಕಿ ತಡವಾಯಿತು. ತಡವಾದ ಹಡಗು ಸಮಯ ಉಳಿಸಲು ಮೊದಲು ಕೈಬಿಡುವುದು ಸಣ್ಣ ಬಂದರನ್ನು. ಅದು ನಮ್ಮಲ್ಲಿ ನಿಲ್ಲದೆ ನೆಟ್ಟಗೆ ಪಕ್ಕದ ದೇಶಕ್ಕೆ ಹೋಗಿ, ನಮ್ಮ ಕಂಟೇನರನ್ನೂ ಅಲ್ಲೇ ಇಳಿಸಿತು. ಆಫೀಸಿನಿಂದ ಅತ್ತಿಗೆಯ ಫೋನು ಬಂದಾಗ ದನಿಯೇ ಗುರುತು ಸಿಗಲಿಲ್ಲ.

"ಹಡಗು ಬರಲ್ವಂತೆ ಕಣೋ. ಎಷ್ಟೊಂದು ಜನಕ್ಕೆ ಈ ಮಾತು ಹೇಳಿದೀನಿ, ಇವತ್ತು ನನಗೇ ಹೇಳ್ಕೋಬೇಕಾಯ್ತು."

ಲಾರಿಯಲ್ಲಿ ತರಿಸೋಣವೆಂದರೆ ಗಡಿ ದಾಟುವ ಪರವಾನಗಿ ಮೊದಲೇ ಮಾಡಿಸಿರಲಿಲ್ಲ. ಸಣ್ಣ ಹಡಗಿನಲ್ಲಿ ಜಾಗವಿಲ್ಲ. ಮುಂದಿನ ವಾರ ಎಂದರು. ಆ ವಾರ ಬಂದಾಗ ಮತ್ತೆ ಮುಂದಿನ ವಾರ. ಕೋಣೆಯಲ್ಲಿ ಪೆಟ್ಟಿಗೆಗಳ ಸಾಲು ಕರಗಿ, ಹಿಂದಿನ ಗೋಡೆಯ ಸುಣ್ಣ ಕಾಣತೊಡಗಿತು. ಅತ್ತಿಗೆ ಅನ್ನ ಕಲಸಿಟ್ಟು ತಿನ್ನದೆ ಏಳುತ್ತಿದ್ದರು. ಆಸ್ಪತ್ರೆಯಲ್ಲೂ ಉಗ್ರಾಣ ಬರಿದು. ನಾನಂತೂ ಅಣ್ಣ ಕೆಮ್ಮಿದರೂ ಓಡಿಹೋಗಿ ನೋಡುತ್ತಿದ್ದೆ.

ಪಕ್ಕದ ದೇಶಕ್ಕೆ ಮದುವೆಯಾಗಿ ಹೋದ ನಮ್ಮಕ್ಕ ಫೋನಿನಲ್ಲಿ ಅತ್ತಳು. "ಅದೇ ಚೀಲ ನಮ್ಮ ಬೀದಿ ಮೆಡಿಕಲ್ ಶಾಪಲ್ಲೇ ಸಿಗುತ್ತೆ ಕಣೋ. ಕಳಿಸೋಕೆ ಬಿಡಲ್ವಲ್ಲ! ಅವನನ್ನೇ ಇಲ್ಲಿಗೆ ಕರ್ಕೊಂಡು ಬನ್ನಿ."

ಗಡಿ ದಾಟಲು ಔಷಧಿಗೆ ಪರವಾನಗಿ ಬೇಕು, ಅದು ತಿಂಗಳುಗಟ್ಟಲೆ ಅಲೆದಾಟದ ಮಾತು. ಮನುಷ್ಯನಿಗೆ ಪಾಸ್‌ಪೋರ್ಟ್ ಸಾಕು. ಆದರೂ ಅತ್ತಿಗೆ ಜಗ್ಗಲಿಲ್ಲ. "ಈ ಸಲ ಜಾಗ ಸಿಕ್ಕೇ ಸಿಗುತ್ತೆ," ಎಂದು ಮತ್ತೆ ಫೋನು ಎತ್ತಿಕೊಂಡರು.

ನನ್ನ ಪಿತ್ತ ನೆತ್ತಿಗೇರಿತು. "ನಿಮ್ಮ ಬಂದರಿನ ಮಾನ ಉಳಿಸೋಕೆ ನಮ್ಮಣ್ಣನ ಜೀವ ಪಣಕ್ಕಿಡ್ತೀರಾ ಅತ್ತಿಗೆ?"

ಅತ್ತಿಗೆ ಫೋನು ಕೆಳಗಿಟ್ಟು, ಬೀರು ತೆಗೆದು ಅಣ್ಣನ ಅಂಗಿಗಳನ್ನು ಮಡಿಸಲು ಕೂತರು. ಮರುದಿನ ಮೂವರೂ ಬಸ್ಸು ಹತ್ತಿದೆವು. ಅವನನ್ನು ಅಕ್ಕನ ಮನೆಗೆ ಬಿಟ್ಟು ನಾನೂ ಅತ್ತಿಗೆಯೂ ಮರಳಿದೆವು. ಅವರ ಸಂಬಳದ ಮೇಲೇ ಮನೆ ನಿಂತಿತ್ತು.

ಕೊನೆಗೂ ಕಂಟೇನರ್ ಬಂತು. ಅತ್ತಿಗೆ ಚಪ್ಪಲಿಯನ್ನೂ ಬಿಡದೆ ಫೋನು ಹಚ್ಚಿದರು. "ಬಂತು ರೀ! ಎಲ್ಲಾ ಬಂತು. ಯಾವಾಗ ಬರ್ತೀರಿ?"

ಫೋನಿನ ಸ್ಪೀಕರಿನಲ್ಲಿ ಅಣ್ಣನ ದನಿ ಕೇಳಿಸಿತು. "ನಾನಿಲ್ಲೇ ಇರ್ತೀನಿ ಕಣೇ. ಇಲ್ಲಿ ಚೀಲ ಮುಗಿದ್ರೆ ಅಕ್ಕ ಬೀದಿ ದಾಟಿ ಹೋಗಿ ತರ್ತಾಳೆ. ಎಷ್ಟೋ ದಿನದ ಮೇಲೆ ನನಗೆ ನಿದ್ದೆ ಬರ್ತಿದೆ."

"ಇರಿ ಹಾಗಾದ್ರೆ. ನಿದ್ದೆ ಮಾಡಿ," ಎಂದಷ್ಟೇ ಹೇಳಿ ಅತ್ತಿಗೆ ಫೋನಿಟ್ಟು, ಸೆರಗು ಬಾಯಿಗೊತ್ತಿಕೊಂಡು ಅತ್ತುಬಿಟ್ಟರು.

"ನಾನು ಹೋಗಿ ಬಯ್ದು ಕರ್ಕೊಂಡು ಬರ್ತೀನಿ, ಸುಮ್ನಿರಿ ಅತ್ತಿಗೆ."

"ಬೇಡ ಕಣೋ," ಎಂದು ಅವರು ಮುಖ ಒರೆಸಿಕೊಂಡರು. "ಇನ್ಮೇಲೆ ಯಾವ ಗಿರಾಕಿ ಕೇಳಿದ್ರೂ ನಾನೂ ಸರಕು ಆ ಬಂದರಲ್ಲೇ ಇಳಿಸ್ಕೊಳ್ಳಿ ಅಂತೀನಿ."