ಒತ್ತು ಎಂದಳು ಗುಡುಗು ಸಿಸ್ಟರ್

ನನ್ನ ಅಕ್ಕನಿಗೆ ಆಸ್ಪತ್ರೆಯಲ್ಲಿ ಇಟ್ಟಿದ್ದ ಅಡ್ಡಹೆಸರು ಗುಡುಗು ಸಿಸ್ಟರ್. ಅವಳು ಒಮ್ಮೆ ಕೂಗಿದರೆ ಕುಡಿದು ಬಂದವನ ಅಮಲೂ ಇಳಿಯುತ್ತಿತ್ತು. ಚಾಕುವಿನಿಂದ ಇರಿಸಿಕೊಂಡವರು, ತಲೆ ಒಡೆಸಿಕೊಂಡವರು, ಎಲ್ಲರನ್ನೂ ಬೈದು, ಹೊಲಿದು ಕಳಿಸುವುದೇ ಅವಳ ಜೀವನ. ಯಾಕೆ ಮದುವೆ ಆಗಲಿಲ್ಲ ಎಂದು ಕೇಳಿದವರಿಗೆ, "ಗಂಡಂದಿರು ಹರಿದಿದ್ದನ್ನ ದಿನಾ ಹೊಲೀತೀನಲ್ಲ, ಸಾಲ್ದಾ?" ಎನ್ನುತ್ತಿದ್ದಳು.

ಸೋಂಕು ಬಂತು, ಊರಿಗೆ ಊರೇ ಬಾಗಿಲು ಹಾಕಿಕೊಂಡಿತು. ಅಕ್ಕನಿಗೆ ಉಬ್ಬಸವಿತ್ತು. ಮನೆಯಲ್ಲೇ ಕೂತು ವಿಡಿಯೋದಲ್ಲಿ ರೋಗಿಗಳನ್ನು ನೋಡಿ ಎಂದು ಆಸ್ಪತ್ರೆಯವರು ಒಂದು ಫೋನು ಕೊಟ್ಟು ಕಳಿಸಿದರು. ಫೋನಿನಲ್ಲಿ ನಾಡಿ ಹಿಡಿಯಲಾದೀತೇ ಎಂದು ಮೊದಮೊದಲು ಜನ ನಕ್ಕರು. ಆಮೇಲೆ ನೋಡಿ, ಹಲ್ಲುನೋವು, ಹೊಟ್ಟೆನೋವು, ಬಾಣಂತಿಯ ಜ್ವರ, ನಮ್ಮ ಅಡುಗೆಮನೆಯ ಮೇಜಿನ ಮೇಲೆ ಸಂತೆಯೇ ನೆರೆಯಿತು. ಅಕ್ಕ ಮೊದಲು ನೋಡಿ, ಬೇಕಾದವರನ್ನು ಡಾಕ್ಟರಿಗೆ ದಾಟಿಸುತ್ತಿದ್ದಳು. "ನಾಲಿಗೆ ತೋರ್ಸಿ!" ಎಂದು ಅವಳು ಗುಡುಗಿದರೆ ಪಕ್ಕದ ಮನೆಯ ಮಗುವೂ ನಾಲಿಗೆ ಚಾಚುತ್ತಿತ್ತು. ನನಗೋ ಒಲೆಯ ಹತ್ತಿರ ನಿಲ್ಲಲೂ ಜಾಗವಿಲ್ಲ.

ಒಂದು ಮಧ್ಯಾಹ್ನ ಪರದೆಯ ಮೇಲೆ ಒಬ್ಬ ಹೆಂಗಸು ಬಂದಳು. ಬಲಗೈ ಮಣಿಕಟ್ಟು ಬದನೆಕಾಯಿಯಂತೆ ಊದಿತ್ತು. ಫೋನು ಹಿಡಿದಿದ್ದವನು ಗಂಡ, ಮಾತೂ ಅವನದೇ.

"ಬಚ್ಚಲಲ್ಲಿ ಜಾರಿ ಬಿದ್ಲು."

ಅವಳ ಕುತ್ತಿಗೆಯ ಮೇಲೆ ಬೆರಳಿನ ಗುರುತುಗಳಿದ್ದವು. ಬಚ್ಚಲಿಗೂ ಬೆರಳಿರುತ್ತವೇನೋ! ಹಿಂದೆ ನಿಂತಿದ್ದ ನನಗೇ ಮೈ ಉರಿದುಹೋಯಿತು.

ಇಂಥ ಗಂಡಂದಿರಿಗೆ ವಾರ್ಡಿನಲ್ಲಿ ಒಂದು ಉಪಾಯವಿತ್ತು. ಔಷಧಿ ತರಲು ಅವರನ್ನು ದೂರದ ಕೌಂಟರಿಗೆ ಅಟ್ಟಿ, ಆಮೇಲೆ ಹೆಂಡತಿಯನ್ನು ವಿಚಾರಿಸುವುದು. ಅಕ್ಕ ಅದನ್ನೇ ಮಾಡಿದಳು. "ಫೋನ್ ಮೇಜಿಗೆ ಒರಗಿಸಿ, ಸ್ವಲ್ಪ ನೀರು ಬಿಸಿ ಮಾಡ್ಕೊಂಡು ಬನ್ನಿ." ಅವನು ಹೋದ.

"ಯಾರಮ್ಮಾ ಹೊಡೆದಿದ್ದು? ಇವನೇನಾ? ಪೊಲೀಸರಿಗೆ ಹೇಳ್ಲಾ?"

ಆಸ್ಪತ್ರೆಯ ಕೌಂಟರು ಎಲ್ಲಿ, ಮನೆಯೊಳಗಿನ ಒಲೆ ಎಲ್ಲಿ! ಅಕ್ಕನ ದನಿ ಗೋಡೆ ದಾಟಿಬಿಟ್ಟಿತ್ತು.

ಅವನು ಖಾಲಿ ಪಾತ್ರೆಯೊಂದಿಗೆ ಬಂದ. ಅದರಿಂದಲೇ ಅವಳ ಬೆನ್ನಿಗೆ ಬಾರಿಸಿದ. ಕೂದಲು ಹಿಡಿದು ಹಣೆಯನ್ನು ಮೇಜಿಗೆ ಕುಟ್ಟಿದ. ಫೋನು ಜಾರಿ ಕುರ್ಚಿಯ ಮೇಲೆ ಬಿದ್ದು ನೆಲವನ್ನೇ ತೋರಿಸತೊಡಗಿತು.

"ಬಿಡೋ! ನಾನು ನೋಡ್ತಾ ಇದೀನಿ ಕಣೋ!" ಎಂದು ಅಕ್ಕ ಕಿರುಚಿದಳು.

"ನೋಡು, ಚೆನ್ನಾಗಿ ನೋಡು," ಎಂದು ನೆಲಕ್ಕೆ ಬಿದ್ದವಳ ಹೊಟ್ಟೆಗೆ ಒದ್ದ.

ನಾನು ನನ್ನ ಫೋನಿನಿಂದ ಪೊಲೀಸರಿಗೆ ಕರೆ ಮಾಡಿದೆ. ಗಾಡಿಗಳೆಲ್ಲ ರಸ್ತೆ ಕಾಯುತ್ತಿವೆಯಂತೆ, ನಾವು ಕಾಯಬೇಕಂತೆ. ಅವರ ಬಾಯಿಗೆ ಮಣ್ಣು ಹಾಕ!

ಅವನು ಮತ್ತೆ ಬಗ್ಗಿದಾಗ ಅವಳು ಎರಡೂ ಕಾಲು ಜೋಡಿಸಿ ಅವನ ಎದೆಗೆ ಒದ್ದಳು. ಅವನು ಹಿಮ್ಮುಖವಾಗಿ ಗಾಜಿನ ಬೀರುವಿನೊಳಗೆ ನುಗ್ಗಿಬಿಟ್ಟ. ಮೊಣಕೈಯ ಒಳಬದಿ ಸೀಳಿ ರಕ್ತ ಚಿಮ್ಮತೊಡಗಿತು.

"ಏನ್ ನೋಡ್ತಿದ್ದೀಯೇ, ಬಟ್ಟೆ ತಾರೇ!" ಎಂದು ಅರಚಿದವನ ದನಿ ನೋಡನೋಡುತ್ತಲೇ ಕುಗ್ಗಿತು.

ಅವಳು ಅವನ ಹತ್ತಿರ ಹೋಗಲಿಲ್ಲ. ತೆವಳಿಕೊಂಡು ಫೋನಿನ ಹತ್ತಿರ ಬಂದಳು. ಹಣೆಯ ರಕ್ತ ಕಣ್ಣಿಗಿಳಿಯುತ್ತಿತ್ತು. ಮೆಲ್ಲಗೆ ಕೇಳಿದಳು, "ಸಿಸ್ಟರ್, ಹೀಗೇ ಬಿಟ್ರೆ ಎಷ್ಟು ಹೊತ್ತು ಬೇಕಾಗತ್ತೆ?"

"ಸಾಯ್ಲಿ ಬಿಡಕ್ಕಾ, ಪೀಡೆ ತೊಲಗತ್ತೆ," ಎಂದೆ ನಾನು. ಅಂದಿದ್ದಕ್ಕೆ ನನಗೆ ಇವತ್ತಿಗೂ ಬೇಸರವಿಲ್ಲ.

"ನೀನು ಬಾಯಿ ಮುಚ್ಚು, ಆಂಬುಲೆನ್ಸ್ ಕರಿ," ಎಂದು ನನ್ನನ್ನು ಗದರಿ ಅಕ್ಕ ಪರದೆಗೆ ಬಾಗಿದಳು. "ಅವನು ಸತ್ರೆ ನಿನ್ನನ್ನ ಜೈಲಿಗೆ ಹಾಕ್ತಾರೆ ಕಣಮ್ಮಾ. ಇವನಿಗೋಸ್ಕರ ಇನ್ನೂ ಎಷ್ಟು ವರ್ಷ ಬೀಗದೊಳಗೆ ಇರ್ತೀಯ? ಬಟ್ಟೆ ಮಡಚಿ ಗಾಯದ ಮೇಲಿಟ್ಟು ಒತ್ತು. ಅವನಿಗಲ್ಲ, ನಿನಗೋಸ್ಕರ ಒತ್ತು."

ಅವಳು ಟವಲು ತಂದಳು. ಎಡಗೈಯಲ್ಲಿ ಒತ್ತಿದಳು, ಸಾಲದಾದಾಗ ಮಂಡಿಯೂರಿ ಒತ್ತಿದಳು. ಅವನು ಚೀರಿದ.

"ಚೀರ್ಲಿ, ಬದುಕಿದ್ದಾನೆ ಅಂತ ಗೊತ್ತಾಗತ್ತೆ. ಇನ್ನೂ ಜೋರಾಗಿ ಒತ್ತು!"

ಆಂಬುಲೆನ್ಸಿನವರು ಮೈತುಂಬ ಪ್ಲಾಸ್ಟಿಕ್ ಹೊದ್ದು ಬಂದರು. ಅವನನ್ನು ಎತ್ತಿದೊಡನೆ ಅವಳೂ ಎದ್ದು, ಚಪ್ಪಲಿ ಮೆಟ್ಟಿ ಹಿಂದೆ ಹೊರಟಳು. ಅಯ್ಯೋ ಹುಚ್ಚಿ!

"ಸೋಂಕಿನ ಕಾಲ, ಜೊತೆಗೆ ಯಾರೂ ಬರೋ ಹಾಗಿಲ್ಲ. ನಿಮಗೆ ಬೇರೆ ಗಾಡಿ ಬರತ್ತೆ," ಎಂದು ಅವರು ತಡೆದರು.

"ಒಳಗೆ ಹೋಗಿ ಚಿಲಕ ಹಾಕ್ಕೋ," ಎಂದಳು ಅಕ್ಕ. "ನಡೆದಿದ್ದೆಲ್ಲ ನಾನು ಕಣ್ಣಾರೆ ನೋಡಿದ್ದೀನಿ. ಯಾರು ಕೇಳಿದ್ರೂ ಹೇಳ್ತೀನಿ."

ಅವಳು ಚಿಲಕ ಹಾಕಿದಳು. ಕುರ್ಚಿಯ ಮೇಲಿದ್ದ ಫೋನನ್ನು ಎತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡಿದಳು.

"ಇದು ಅವರ ಫೋನು, ನಾನು ಮುಟ್ಟೋ ಹಾಗಿರ್ಲಿಲ್ಲ," ಎಂದಳು. "ಸಿಸ್ಟರ್, ನಮ್ಮಮ್ಮಂಗೆ ಒಂದೇ ಒಂದು ಕಾಲ್ ಮಾಡ್ಲಾ?"

"ಕೇಳ್ಬೇಡ, ಮಾಡು," ಎಂದಳು ಅಕ್ಕ.