ಮುಚ್ಚಿಡದವರ ಮಗಳು

ನಾವು ಅಪ್ಪನನ್ನು ಅಣ್ಣ ಎಂದು ಕರೆಯುತ್ತಿದ್ದೆವು. ಹೊಳೆನರಸೀಪುರದಲ್ಲಿ ಅಣ್ಣ ಪೌರೋಹಿತ್ಯ ಮಾಡುತ್ತಿದ್ದರು. ಆದರೆ ಜನ ಅವರನ್ನು ಹೆಚ್ಚಾಗಿ ಹುಡುಕಿಕೊಂಡು ಬರುತ್ತಿದ್ದದ್ದು ಗಂಡು, ಹೆಣ್ಣು ಗೊತ್ತುಮಾಡಿಸಲು. ತೊಂಬತ್ತರ ದಶಕದಲ್ಲಿ ಜಾತಕ ನೋಡುವವರು ನಮ್ಮೂರಲ್ಲಿ ಬೇಕಾದಷ್ಟು ಮಂದಿ ಇದ್ದರು. ಹುಡುಗ ಕುಡಿಯುತ್ತಾನೆ, ಹುಡುಗಿಗೆ ಒಂದು ಕಿವಿ ಮಂದ ಎಂಬುದನ್ನು ಬೀಗರಾಗುವವರ ಎದುರಿಗೇ ಕೂತು ಹೇಳುವವರು ಅಣ್ಣ ಒಬ್ಬರೇ.

ಏನನ್ನೂ ಮುಚ್ಚಿಡದವರು ಎಂಬ ಈ ಹೆಸರನ್ನು ಅವರು ವರ್ಷಗಟ್ಟಲೆ ಕಾಪಾಡಿಕೊಂಡು ಬಂದಿದ್ದರು. ಸಾಹುಕಾರರ ಮನೆಯಾಗಲಿ, ಒಂಟಿ ಅಂಕಣದ ಮನೆಯಾಗಲಿ, ಹೇಳಬೇಕಾದ್ದನ್ನು ಹೇಳುವ ತನಕ ಒಂದು ಲೋಟ ಕಾಫಿಯನ್ನೂ ಮುಟ್ಟುತ್ತಿರಲಿಲ್ಲ. ಹೇಳಿ ಮುಗಿಸಿದ ಮೇಲೆ, "ಇರೋದು ಹೇಳಿದ್ದೀನಿ. ಮುಂದಿನದು ನಿಮ್ಮಿಷ್ಟ" ಅನ್ನುತ್ತಿದ್ದರು. ಎಲ್ಲ ಕಡೆಯೂ ಅದೇ ಮಾತು. ಅವರ ಅಕ್ಕನನ್ನು ಒಬ್ಬ ಕ್ಷಯರೋಗಿಗೆ ಸುಳ್ಳು ಹೇಳಿ ಕೊಡಿಸಿದ್ದರಂತೆ. ವರ್ಷ ತುಂಬುವುದರೊಳಗೆ ತವರಿಗೆ ಮರಳಿದ ಆ ಅತ್ತೆ ಸಾಯುವ ತನಕ ನಮ್ಮ ಅಡುಗೆಮನೆ ಬಿಟ್ಟು ಆಚೆ ಬಂದವರಲ್ಲ. ಅಣ್ಣ ಚಿಕ್ಕಂದಿನಿಂದ ಅದನ್ನು ನೋಡಿಕೊಂಡೇ ಬೆಳೆದವರು.

ನನಗೆ ಮೂರ್ಛೆ ಬರುತ್ತಿತ್ತು. ಹೈಸ್ಕೂಲಿನಲ್ಲಿ ಒಂದು ಬೆಳಿಗ್ಗೆ ಪ್ರಾರ್ಥನೆಗೆ ನಿಂತವಳು ಹಾಗೇ ಬಿದ್ದಿದ್ದೆ. ಹಾಸನದ ಡಾಕ್ಟರು ಮಾತ್ರೆ ಕೊಟ್ಟರು. ಕಾಲೇಜು ಸೇರುವ ಹೊತ್ತಿಗೆ ಬರುವುದು ನಿಂತೇಹೋಗಿತ್ತು. "ಮದುವೆಗೇನೂ ಅಡ್ಡಿ ಇಲ್ಲ. ಮಾತ್ರೆ ಮಾತ್ರ ಬಿಡಬೇಡಮ್ಮ" ಎಂದು ಡಾಕ್ಟರು ಹೇಳಿದ್ದರು. ಆದರೆ ಡಿಗ್ರಿ ಮುಗಿದ ಮೇಲೆ ಬಂದ ಸಂಬಂಧಗಳೆಲ್ಲ ಅಣ್ಣನ ಮಾತು ಕೇಳಿ ವಾಪಸಾದವು. ಗೊರೂರಿನವರೊಬ್ಬರು ಎಲೆಅಡಿಕೆ ತಟ್ಟೆಗೆ ಕೈ ಚಾಚಿದವರು ಹಾಗೇ ಹಿಂದಕ್ಕೆ ತೆಗೆದುಕೊಂಡರು. ಅದನ್ನು ನಾನು ಬಾಗಿಲ ಸಂದಿಯಿಂದ ನೋಡಿದೆ.

ಕೊನೆಗೆ ಅಮ್ಮ, ಅಣ್ಣನನ್ನು ಊರಲ್ಲೇ ಬಿಟ್ಟು, ಚನ್ನರಾಯಪಟ್ಟಣದಲ್ಲಿದ್ದ ನನ್ನ ಸೋದರಮಾವನ ಮನೆಗೆ ನನ್ನನ್ನು ಕರೆದುಕೊಂಡು ಹೋದಳು. ಮಾವ ಅರಕಲಗೂಡಿನ ಕಡೆಯ ಒಂದು ಸಂಬಂಧ ನೋಡಿದ್ದರು. ಹುಡುಗ ಮೇಷ್ಟ್ರು. ನೋಡಲು ಬಂದವನು ಹಿತ್ತಿಲ ಕಟ್ಟೆಯ ಮೇಲೆ ಕೂತು, ಏನು ಓದ್ತೀರ, ಸಿಹಿ ಇಷ್ಟವೋ ಖಾರವೋ ಎಂದೆಲ್ಲ ಕೇಳಿದ. ನಾನು ನಕ್ಕಾಗ ಅವನೂ ನಕ್ಕ. ಇವನಿಗೆ ನಾನೇ ಹೇಳುತ್ತೇನೆ, ನಿಶ್ಚಿತಾರ್ಥದ ದಿನ ಒಂದು ಗಳಿಗೆ ಒಬ್ಬನೇ ಸಿಕ್ಕರೆ ಸಾಕು, ನನ್ನ ಮಾತಿನಲ್ಲಿ ಹೇಳುತ್ತೇನೆ ಅಂದುಕೊಂಡೆ. ಹೇಗೆ ಶುರುಮಾಡಬೇಕು ಎಂದು ಪಾತ್ರೆ ತೊಳೆಯುವಾಗೆಲ್ಲ ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದೆ. ಕೇಳಿದ ಮೇಲೂ ಅವನು ಒಪ್ಪಿಯಾನು ಎಂಬ ಧೈರ್ಯ ಆಗ ನನಗಿತ್ತು.

ನಿಶ್ಚಿತಾರ್ಥಕ್ಕೆ ಹೊರಡುವ ಮುಂಚೆ ಅಮ್ಮ ಅಣ್ಣನ ಎದುರು ನಿಂತು, "ಇದೊಂದು ಸಲ ಸುಮ್ಮನಿದ್ದುಬಿಡಿ. ನಿಮ್ಮ ಕಾಲಿಗೆ ಬೀಳ್ತೀನಿ" ಅಂದಳು. ಅಣ್ಣ ಶಲ್ಯ ಹೊದ್ದುಕೊಂಡು ಬಸ್ಸಿಗೆ ಹೊರಟರು.

ಮಾವನ ಮನೆಯ ನಡುಮನೆಯಲ್ಲಿ ಜಮಖಾನ ಹಾಸಿತ್ತು. ತೆಂಗಿನಕಾಯಿ, ಹೂವು, ಸೀರೆಯ ತಟ್ಟೆಗಳನ್ನು ಸಾಲಾಗಿ ಇಟ್ಟಿದ್ದರು. ಅಣ್ಣ ಗೋಡೆಗೊರಗಿ ಕಣ್ಣು ತಗ್ಗಿಸಿ ಕೂತಿದ್ದರು. ಅವರು ಸುಮ್ಮನೆ ಇರುತ್ತಾರೆಂದೇ ನನಗನ್ನಿಸಿತ್ತು. ಅಷ್ಟರಲ್ಲಿ ಹುಡುಗನ ತಂದೆ ಅಭಿಮಾನದಿಂದ, "ಶಾಸ್ತ್ರಿಗಳ ಮಗಳು ಅಂದಮೇಲೆ ನಾವು ಎಲ್ಲೂ ವಿಚಾರಿಸೋಕೆ ಹೋಗಲಿಲ್ಲ. ನಿಮ್ಮ ಹೆಸರೇ ಸಾಕಲ್ಲ" ಅಂದರು.

ಅಣ್ಣ ತಲೆ ಎತ್ತಿದರು.

"ವಿಚಾರಿಸಬೇಕಿತ್ತು" ಅಂದರು. "ಹುಡುಗಿಗೆ ಮೊದಲು ಮೂರ್ಛೆ ಬರ್ತಿತ್ತು. ಈಗ ಎಷ್ಟೋ ವರ್ಷದಿಂದ ಬಂದಿಲ್ಲ. ಮಾತ್ರೆ ತೊಗೋತಾಳೆ. ಇರೋದು ಹೇಳಿದ್ದೀನಿ. ಮುಂದಿನದು ನಿಮ್ಮಿಷ್ಟ."

ಒಳಗೆ ಯಾರೋ ಒಗ್ಗರಣೆ ಹಾಕಿದ ಸದ್ದು ಕೇಳಿಸಿತು. ಹುಡುಗನ ತಾಯಿ ಎದ್ದು ಸೆರಗು ಸರಿಮಾಡಿಕೊಂಡರು. "ಮನೇಲಿ ಕೂತು ಮಾತಾಡಿ ತಿಳಿಸ್ತೀವಿ" ಎಂದು ಹುಡುಗನ ತಂದೆ ಹೇಳಿದರು. ಊಟಕ್ಕೆ ಯಾರೂ ನಿಲ್ಲಲಿಲ್ಲ. ಅವನು ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಳ್ಳುತ್ತ ಒಮ್ಮೆ ನನ್ನ ಕಡೆ ನೋಡಿದ. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಮೋಸಹೋಗುವುದು ಸ್ವಲ್ಪದರಲ್ಲಿ ತಪ್ಪಿತು ಅನ್ನುವವನ ಹಾಗೆ ನೋಡಿದ. ನನ್ನ ಬಾಯಿಂದ ಬರಬೇಕಾದ ಮಾತು ಅಷ್ಟು ಜನರ ನಡುವೆ ಬೇರೆಯವರ ಬಾಯಿಂದ ಬಂದುಹೋಗಿತ್ತು.

ವಾಪಸು ಬರುವಾಗ ಬಸ್ಸಿನಲ್ಲಿ ಅಮ್ಮ ಬೇರೆ ಸೀಟಿನಲ್ಲಿ ಕೂತಳು. ನಾನು ಅಣ್ಣನ ಪಕ್ಕದಲ್ಲಿದ್ದೆ. ಬಹಳ ದೂರ ಬಂದ ಮೇಲೆ, "ಅವರು ನಿಮ್ಮ ಹೆಸರು ಎತ್ತದೇ ಇದ್ದಿದ್ರೆ ಸುಮ್ಮನಿರ್ತಿದ್ರಾ, ಅಣ್ಣ?" ಎಂದು ಕೇಳಿದೆ.

ಅವರು ಕಿಟಕಿಯಾಚೆ ನೋಡುತ್ತಲೇ ಯೋಚಿಸಿದರು. "ಗೊತ್ತಿಲ್ಲ ಕಣಮ್ಮ" ಅಂದರು.

ಸುಳ್ಳಾದರೂ ಹೇಳಬಹುದಿತ್ತು. ಹೇಳಲಿಲ್ಲ.

ಅರಕಲಗೂಡಿನಿಂದ ಯಾವ ಸುದ್ದಿಯೂ ಬರಲಿಲ್ಲ. ಆದರೆ ನಡೆದದ್ದು ಊರೂರಿಗೆ ಹಬ್ಬಿತು. ಆ ವರ್ಷ ಅಣ್ಣನನ್ನು ಹುಡುಕಿಕೊಂಡು ಬಂದಷ್ಟು ಜನ ಹಿಂದೆಂದೂ ಬಂದಿರಲಿಲ್ಲ. ದುದ್ದದ ಗೌಡರೊಬ್ಬರು ಜಗಲಿಯಲ್ಲಿ ಕೂತು, "ಸ್ವಂತ ಮಗಳ ಇಸ್ಯಾನೇ ಮುಚ್ಚಿಡ್ಲಿಲ್ಲ ನೀವು. ನಮಗೆ ಇನ್ಯಾರು ಬೇಕು ಅಯ್ನೋರೆ" ಅನ್ನುತ್ತಿದ್ದರು. ಅವರಿಗೆ ಕಾಫಿ ಸೋಸುತ್ತಿದ್ದವಳು ನಾನು. ಅಮ್ಮ ಅಣ್ಣನಿಗೆ ತಟ್ಟೆ ಹಾಕುತ್ತಿದ್ದಳು, ಬಡಿಸುತ್ತಿದ್ದಳು, ಮಾತಾಡುತ್ತಿರಲಿಲ್ಲ. ಅವರಿಬ್ಬರ ಮಾತುಕತೆಯೆಲ್ಲ ನನ್ನ ಮೂಲಕವೇ ನಡೆಯುತ್ತಿತ್ತು.

ಎರಡು ಸಾವಿರದ ಇಸವಿಯ ಆಚೆಗೆ ಹಾಸನದಲ್ಲಿ ವಧೂವರರ ಮಾಹಿತಿ ಕೇಂದ್ರಗಳು ಬಂದವು. ಅಲ್ಲಿ ಫೋಟೊ, ಸಂಬಳ, ನಕ್ಷತ್ರ ನೋಡಿದರೆ ಆಯಿತು, ಬೇರೇನೂ ಹೇಳುವವರಿರಲಿಲ್ಲ. "ಆ ಶಾಸ್ತ್ರಿಗಳು ಬಾಯಿ ಹಾಕಿದರೆ ಆಗೋ ಮದುವೇನೂ ನಿಲ್ಲುತ್ತೆ" ಎಂದು ಅಣ್ಣನ ಮೂಲಕವೇ ಮದುವೆಯಾದವರು ಆಡಿಕೊಂಡರು. ಜಗಲಿ ಖಾಲಿಯಾಯಿತು. ಅಣ್ಣ ಮಾತ್ರ ಬೆಳಿಗ್ಗೆ ಮಡಿಪಂಚೆ ಉಟ್ಟು ಅಲ್ಲೇ ಬಂದು ಕೂರುತ್ತಿದ್ದರು. ಒಂದು ಸಂಜೆ ದೀಪ ಹಚ್ಚಲು ಹೋದಾಗ, "ನಾನು ಹೇಳಿದ್ದರಲ್ಲಿ ಒಂದಾದರೂ ಸುಳ್ಳಿತ್ತೇನಮ್ಮ?" ಎಂದು ಕೇಳಿದರು. ಇಲ್ಲ ಅಣ್ಣ ಅಂದೆ. ಅವರಿಗೆ ಬೇಕಾಗಿದ್ದ ಉತ್ತರ ಅದಲ್ಲವೆಂದು ನನಗೆ ಗೊತ್ತಿತ್ತು. ದೀಪ ಹಚ್ಚಿ ಒಳಗೆ ಬಂದೆ.

ಮುಂದಿನ ಬೇಸಿಗೆಯಲ್ಲಿ ಅವರು ತೀರಿಕೊಂಡರು. ಅಮ್ಮನೂ ನಾನೂ ಹಾಸನದ ಬಾಡಿಗೆ ಮನೆಗೆ ಬಂದೆವು. ನಾನು ಒಂದು ಕಾನ್ವೆಂಟಿನಲ್ಲಿ ಕನ್ನಡ ಹೇಳಿಕೊಡುತ್ತಿದ್ದೆ.

ಒಂದು ಮಧ್ಯಾಹ್ನ ಬಸ್ ಸ್ಟ್ಯಾಂಡಿನಲ್ಲಿ ಅರಕಲಗೂಡಿನ ಆ ಮೇಷ್ಟ್ರು ಸಿಕ್ಕ. ಪಕ್ಕದಲ್ಲಿ ಹೆಂಡತಿ, ತೋಳಿನ ಮೇಲೆ ಮಗು. ಅವನೇ ಗುರುತು ಹಿಡಿದು ಹತ್ತಿರ ಬಂದ. "ನಿಮ್ಮ ತಂದೆ ಹೋದರಂತೆ, ಕೇಳಿದೆ" ಅಂದ. ಆಮೇಲೆ ಹೆಂಡತಿಯ ಕಡೆ ತಿರುಗಿ, "ಇವರ ತಂದೆ ಬಹಳ ದೊಡ್ಡ ಮನುಷ್ಯರು. ಅಂಥವರು ಈಗ ಸಿಗಲ್ಲ" ಎಂದು ಹೇಳಿದ. ಆಕೆ ಗೌರವದಿಂದ ನನಗೆ ಕೈಮುಗಿದಳು.

ನಾನು ಹೇಗಿದ್ದೇನೆಂದು ಅವನು ಕೇಳಲಿಲ್ಲ. ನಾನೂ ಕೈಮುಗಿದು, ಹೊರಟಿದ್ದ ಸಿಟಿ ಬಸ್ಸು ಹತ್ತಿದೆ.